ತೋಟದ ಪಂಪು, ಗುಡ್ಡದ ಟವರು, ಮನೆಯ ಫೈಬರು: ಮೂರನ್ನೂ ಹೊಂದಿಸಿಕೊಳ್ಳುವ ಬಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಕಣಿವೆ ನಮ್ಮದು. ಅಡಿಕೆ ತೋಟ, ನಡುವೆ ಹಳ್ಳ, ಸುತ್ತ ಗುಡ್ಡ. 35 ಪಂಪ್‌ಸೆಟ್ ಇವೆ. ಎಲ್ಲಕ್ಕೂ ಮೊಬೈಲ್ ಸ್ಟಾರ್ಟರ್ ಇದೆ, ಅಂದರೆ ಫೋನಿನಿಂದಲೇ ಪಂಪು ಶುರು ಮಾಡುವ, ನಿಲ್ಲಿಸುವ ಸಿಮ್ ಇರುವ ಡಬ್ಬ. ಎಲ್ಲರೂ ನಂಬಿಕೊಂಡಿರುವುದು ಗುಡ್ಡದ ಮೇಲಿನ ಒಂದೇ ಟವರನ್ನು.

ನಾನು ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಗೋಳು. ಆರು ಗಂಟೆಗೆ ತ್ರೀ ಫೇಸ್ ಬರುತ್ತಿತ್ತು. ಅಪ್ಪಯ್ಯ ಜಗಲಿಯಲ್ಲಿ ಕೂತು ಹಳ್ಳದ ಪಂಪಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಕಾಲ್ ಹೋಗುತ್ತಿರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಹತ್ತು ನಿಮಿಷ ಕಳೆದ ಮೇಲೆ ತಾನಾಗಿಯೇ ಸರಿಯಾಗುತ್ತಿತ್ತು. "ಟವರ್ ಹಾಳಾಗಿದೆ ಮಾರಾಯ್ತಿ, ಒಂದು ಕಂಪ್ಲೇಂಟ್ ಕೊಡು" ಅನ್ನುತ್ತಿದ್ದರು.

ಟವರ್ ಹಾಳಾಗಿರಲಿಲ್ಲ. ನಾನು ಹನ್ನೊಂದು ವರ್ಷ ಮಾಡಿದ್ದು ಮೊಬೈಲ್ ಜಾಲವನ್ನು ಪರೀಕ್ಷೆ ಮಾಡುವ ಕೆಲಸ. ಈ ತೊಂದರೆಯನ್ನು ಅಲ್ಲಿ ಲ್ಯಾಬಿನಲ್ಲಿ ನೋಡಿದ್ದೆ. ಒಂದು ಊರಿಗೆ ಕರೆಂಟ್ ಹೋಗಿ ಬರುತ್ತದೆ. ಅಲ್ಲಿರುವ ಮೀಟರುಗಳೆಲ್ಲ ಒಟ್ಟಿಗೆ ಎದ್ದು ಟವರಿನ ಬಾಗಿಲು ಬಡಿಯುತ್ತವೆ. ಮೊಬೈಲ್ ಜಾಲದ ನಿಯಮ ಬರೆಯುವ ತ್ರೀಜಿಪಿಪಿ ಸಂಸ್ಥೆ ತನ್ನ ಅಧ್ಯಯನಕ್ಕೆ ಹಿಡಿದ ಲೆಕ್ಕ, 10 ಸೆಕೆಂಡಿನಲ್ಲಿ 30,000 ಯಂತ್ರಗಳು. ನಮ್ಮಲ್ಲಿದ್ದದ್ದು ಬರೀ 35. ಆದರೂ ಅದೇ ನೂಕುನುಗ್ಗಲು. ಯಾಕೆ ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಮುಂದಿನ ಕೆಲಸ ಸುಲಭ.

ನಮ್ಮ ಸ್ಟಾರ್ಟರ್‌ಗಳಲ್ಲಿ ಜಾಸ್ತಿ ಇರುವುದು 2ಜಿ ಮಾಡ್ಯೂಲ್, ಅಂದರೆ ಟವರಿನ ಹತ್ತಿರ ಮಾತಾಡುವ ಹಳೇ ಬಗೆಯ ಭಾಗ. 2ಜಿಯಲ್ಲಿ ಒಂದು ತರಂಗಕ್ಕೆ 8 ಪಾಲು. ಸಣ್ಣ ಟವರಿನಲ್ಲಿ ಇಂಥ ತರಂಗ ಒಂದೋ ಎರಡೋ ಇರುತ್ತದೆ. ಅದರಲ್ಲಿ ಮಾತಿಗೆ ಬೇರೆ ಪಾಲು, "ನಾನು ಇಲ್ಲಿದ್ದೇನೆ" ಎಂದು ಹೆಸರು ನೋಂದಾಯಿಸಲು ಬೇರೆ ಪಾಲು. ಈ ಎರಡನೆಯದರಲ್ಲಿ ಒಂದು ಹೊತ್ತಿಗೆ ನಾಲ್ಕೋ ಎಂಟೋ ಜನಕ್ಕೆ ಮಾತ್ರ ಜಾಗ. ಎಸ್‌ಎಂಎಸ್ ಹೋಗುವುದೂ ಅದರಲ್ಲೇ. ಕಾಲ್ ಶುರುವಾಗುವುದೂ ಅದರಲ್ಲೇ. ಆರು ಗಂಟೆಗೆ 35 ಸ್ಟಾರ್ಟರ್ ಒಟ್ಟಿಗೆ ಎದ್ದು ಹೆಸರು ಬರೆಸುತ್ತವೆ. ಆಮೇಲೆ ಒಂದೊಂದೂ ಮೂರು ನಂಬರಿಗೆ "ಕರೆಂಟ್ ಬಂತು" ಅಂತ ಮೆಸೇಜ್ ಕಳಿಸುತ್ತದೆ. 105 ಮೆಸೇಜ್ ಆಯಿತಲ್ವಾ? ಮೋಟರ್ ಶುರುವಾದಾಗ ಇನ್ನೂ 105. ಹೋಗದಿದ್ದರೆ ಮತ್ತೆ ಪ್ರಯತ್ನ. ಅಪ್ಪಯ್ಯನ ಮಿಸ್ಡ್ ಕಾಲ್ ಇದೇ ಸಾಲಿನ ಕೊನೆಯಲ್ಲಿ ನಿಂತಿರುತ್ತಿತ್ತು.

ಊರಿನವರಿಗೆ ಇದನ್ನು ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಉದಾಹರಣೆ ಕೊಟ್ಟು ಹೇಳಿದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಎಲ್ಲರೂ ಒಂದೇ ಸಲ ಶುರು ಮಾಡಿದರೆ ವೋಲ್ಟೇಜ್ ಬೀಳುತ್ತದೆ, ಟಿಸಿ ಸುಡುತ್ತದೆ. ಟವರೂ ಹಾಗೇ. ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಮೊದಲು ಬ್ಯಾಟರಿ

ಮೊಬೈಲ್ ಸ್ಟಾರ್ಟರ್ ಡಬ್ಬ ತೆರೆದರೆ ಒಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ಮಾಡ್ಯೂಲನ್ನು ಎಚ್ಚರವಾಗಿಡಲು ಅದು. ಅದು ಸರಿ ಇದ್ದರೆ ಸಿಮ್ ಜಾಲದಲ್ಲೇ ಉಳಿಯುತ್ತದೆ, ಕರೆಂಟ್ ಬಂದಾಗ ಹೊಸದಾಗಿ ಹೆಸರು ಬರೆಸಬೇಕಿಲ್ಲ. ಎರಡು ಮೂರು ವರ್ಷಕ್ಕೆ ಈ ಬ್ಯಾಟರಿ ಸಾಯುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕರೆಂಟ್ ಇದ್ದಾಗ ಎಲ್ಲ ಸರಿಯಾಗೇ ನಡೆಯುತ್ತದೆ. ನಾವು ತೆರೆದು ನೋಡಿದ ಡಬ್ಬಗಳಲ್ಲಿ ಅರ್ಧಕ್ಕೂ ಜಾಸ್ತಿ ಬ್ಯಾಟರಿ ಸತ್ತಿದ್ದವು.

ಪರೀಕ್ಷೆ ಮಾಡುವುದು ಸುಲಭ. ಮೇನ್ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಸ್ಟಾರ್ಟರ್ ನಂಬರಿಗೆ ಕಾಲ್ ಮಾಡಿ. ರಿಂಗ್ ಆದರೆ ಬ್ಯಾಟರಿ ಜೀವಂತ. ಸ್ವಿಚ್ ಆಫ್ ಅಂತ ಬಂದರೆ ಬದಲಾಯಿಸಿ. ವೋಲ್ಟೇಜ್ ಮತ್ತು ಪಿನ್ ಹಳೆಯದರಂತೆಯೇ ಇರಲಿ. ಡಬ್ಬದೊಳಗೆ ತ್ರೀ ಫೇಸ್ ಇದೆ, ಮೇನ್ ತೆಗೆದ ಮೇಲೂ ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಿ.

ಆಮೇಲೆ ಸರದಿ

ಆಟೋ ಮೋಡ್ ಇರುವ ಸ್ಟಾರ್ಟರ್‌ಗಳಲ್ಲಿ ಸಾಮಾನ್ಯವಾಗಿ "ಆನ್ ಡಿಲೇ" ಎಂಬ ಸೆಟ್ಟಿಂಗ್ ಇರುತ್ತದೆ. ಕರೆಂಟ್ ಬಂದ ಎಷ್ಟು ಸೆಕೆಂಡ್ ಆದ ಮೇಲೆ ಮೋಟರ್ ಶುರುವಾಗಬೇಕು ಅಂತ ಹೇಳುವುದು ಅದು. ಕಂಪನಿಯಿಂದ ಬರುವಾಗ ಎಲ್ಲದರಲ್ಲೂ ಒಂದೇ ಅಂಕಿ ಇರುತ್ತದೆ. ತೊಂದರೆಯ ಬೇರು ಇರುವುದು ಇಲ್ಲೇ.

ನಾವು ಹಾಲಿನ ಡೈರಿ ಗೋಡೆಯ ಮೇಲೆ ಒಂದು ಪಟ್ಟಿ ಹಚ್ಚಿದೆವು. ಒಂದೊಂದು ಪಂಪಿಗೆ ಒಂದು ನಂಬರ್. ನಂಬರನ್ನು 20ರಿಂದ ಗುಣಿಸಿದರೆ ಬರುವುದು ಆ ಪಂಪಿನ ಡಿಲೇ. ಒಂದನೆಯದು 20 ಸೆಕೆಂಡಿಗೆ, ಎರಡನೆಯದು 40ಕ್ಕೆ, ಕೊನೆಯದು 700ಕ್ಕೆ. ಅಂದರೆ ಹನ್ನೆರಡು ನಿಮಿಷದೊಳಗೆ ಎಲ್ಲವೂ ನಡೆಯುತ್ತಿರುತ್ತವೆ. ಕೊನೆಯ ನಂಬರಿನ ಮನೆಯವರು ಬೇಸರ ಮಾಡಿಕೊಂಡರು. ಅವರ ಮಾತಲ್ಲೂ ನ್ಯಾಯವಿತ್ತು. ಅದಕ್ಕೇ ಪ್ರತಿ ವರ್ಷ ಪಟ್ಟಿಯನ್ನು ತಲೆಕೆಳಗು ಮಾಡುತ್ತೇವೆ.

ಮೆಸೇಜನ್ನೂ ಕಡಿಮೆ ಮಾಡಿ. "ಕರೆಂಟ್ ಬಂತು" ಎಂಬುದು 35 ಮನೆಗೆ 35 ಸ್ಟಾರ್ಟರ್ ಹೇಳಬೇಕಾದ ಸುದ್ದಿಯಲ್ಲ. ಒಂದು ಟಿಸಿಗೆ ಒಬ್ಬರು ಸಾಕು. ಉಳಿದವರು ಆ ಮೆಸೇಜ್ ಆಫ್ ಮಾಡಿ. ಮೋಟರ್ ನಿಂತಿದ್ದು, ಫೇಸ್ ಹೋಗಿದ್ದು, ನೀರಿಲ್ಲದೆ ಓಡಿದ್ದು, ಈ ಮೂರು ಮೆಸೇಜ್ ಮಾತ್ರ ಇಟ್ಟುಕೊಳ್ಳಿ. ಅದೂ ಒಂದೇ ನಂಬರಿಗೆ.

ಜಾಲದ ಕಡೆಯಿಂದಲೂ ಇದಕ್ಕೆ ಪರಿಹಾರ ಬಂದಿದೆ. 4ಜಿ ನಿಯಮಗಳ 10ನೇ ಆವೃತ್ತಿಯಲ್ಲಿ ಯಂತ್ರ "ನನಗೆ ಅವಸರವಿಲ್ಲ" ಎಂದು ಹೇಳಿಕೊಳ್ಳಬಹುದು. ನೂಕುನುಗ್ಗಲು ಇದ್ದರೆ ಜಾಲ ಅದಕ್ಕೆ "ಇಷ್ಟು ಹೊತ್ತು ಬಿಟ್ಟು ಬಾ" ಎಂದು ಸಮಯ ಕೊಟ್ಟು ಕಳಿಸುತ್ತದೆ. 11ನೇ ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ. ಅವಸರವಿಲ್ಲದ ಯಂತ್ರಗಳು ಸದ್ಯ ಬಾಗಿಲು ಬಡಿಯಲೇ ಬೇಡಿ ಎಂದು ಟವರೇ ಸಾರುತ್ತದೆ. ಇದನ್ನು ಪರೀಕ್ಷೆ ಮಾಡುವ ತಂಡದಲ್ಲಿ ನಾನಿದ್ದೆ, ಇದರ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಮಾಡ್ಯೂಲ್, ಸಿಮ್, ಟವರ್ ಮೂರೂ ಇದಕ್ಕೆ ಸಿದ್ಧವಾಗಿರಬೇಕು. ನಮ್ಮ ಹಳೇ 2ಜಿ ಡಬ್ಬಕ್ಕೆ ಇದೊಂದೂ ಗೊತ್ತಿಲ್ಲ. ಆದ್ದರಿಂದ ಡೈರಿ ಗೋಡೆಯ ಪಟ್ಟಿ.

ಹೊಸ ಸ್ಟಾರ್ಟರ್ ಕೊಳ್ಳುವವರಿಗೆ

4ಜಿ ಇರುವುದನ್ನೇ ಕೊಳ್ಳಿ. ಅದರಲ್ಲೂ ಅಂಗಡಿಯಲ್ಲಿ "ಕ್ಯಾಟ್-1" ಅಂತ ಕೇಳಿ, ಅದು ಕಡಿಮೆ ವೇಗದ 4ಜಿ. ಪಂಪಿಗೆ ಅದು ಬೇಕಾದಷ್ಟಾಯಿತು. ಫೋನ್ ಮಾಡಿ ನಡೆಸುವ ಸ್ಟಾರ್ಟರ್ ಆದರೆ ವೋಲ್ಟಿ, ಅಂದರೆ 4ಜಿಯಲ್ಲೇ ಕಾಲ್ ಹೋಗುವ ಸೌಲಭ್ಯ, ಇದೆಯಾ ಎಂದೂ ಕೇಳಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಅಲ್ಲಿ ವೋಲ್ಟಿ ಇಲ್ಲದ ಮಾಡ್ಯೂಲಿಗೆ ಕಾಲ್ ಬರುವುದಿಲ್ಲ.

ಎನ್‌ಬಿ-ಐಒಟಿ ಎಂಬ ಇನ್ನೊಂದು ಬಗೆ ಇದೆ, ಸಣ್ಣ ಯಂತ್ರಗಳಿಗೆಂದೇ ಮಾಡಿದ ಮೊಬೈಲ್ ಜಾಲ. 2016ರಲ್ಲಿ ನಿಯಮವಾಗಿದ್ದು. ಬರೀ 200 ಕಿಲೋಹರ್ಟ್ಸ್ ಅಗಲದ ಜಾಗದಲ್ಲಿ ಕೆಲಸ ಮಾಡುತ್ತದೆ. ಹಳೇ 2ಜಿಗಿಂತ 20 ಡೆಸಿಬೆಲ್, ಅಂದರೆ ನೂರು ಪಟ್ಟು ದುರ್ಬಲ ಸಿಗ್ನಲ್ಲಿಗೂ ಕಿವಿಗೊಡುವಂತೆ ಇದನ್ನು ರೂಪಿಸಿದ್ದಾರೆ. ಬ್ಯಾಟರಿ ಉಳಿಸುವ ಗಾಢ ನಿದ್ದೆಯೂ ಇದಕ್ಕೆ ಗೊತ್ತು. ಮಣ್ಣಿನ ತೇವ ಅಳೆಯುವ ಸೆನ್ಸರಿಗೆ ಹೇಳಿ ಮಾಡಿಸಿದ್ದು. ಆದರೆ ಪಂಪಿಗೆ ಗಾಢ ನಿದ್ದೆ ಹೊಂದುವುದಿಲ್ಲ. ಮಲಗಿದ ಯಂತ್ರಕ್ಕೆ ನೀವು ಕರೆದದ್ದು ಕೇಳುವುದಿಲ್ಲ, ಅದು ತಾನೇ ಏಳುವವರೆಗೆ ಕಾಯಬೇಕು. "ಈಗಲೇ ನಿಲ್ಲು" ಅಂದರೆ ಪಂಪು ಈಗಲೇ ನಿಲ್ಲಬೇಕಲ್ವಾ? ಅಲ್ಲದೆ ಈ ಜಾಲ ಎಲ್ಲ ಕಡೆ ಸಿಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ತೋಟದಲ್ಲೇ ನಡೆಸಿ ತೋರಿಸಲು ಹೇಳಿ.

ಸಿಮ್ ವಿಷಯ. ಆ್ಯಪ್ ಮೂಲಕ ನಡೆಯುವ ಸ್ಟಾರ್ಟರ್ ಜೊತೆ ಬರುವುದು ಯಂತ್ರಗಳಿಗೆಂದೇ ಇರುವ ಎಂ2ಎಂ ಸಿಮ್. ಅದಕ್ಕೆ 13 ಅಂಕಿಯ ನಂಬರ್, 2018ರಲ್ಲಿ ಬಂದ ಪದ್ಧತಿ. ಮೊದಲೇ ಗೊತ್ತು ಮಾಡಿದ ನಂಬರಿಗೆ ಮಾತ್ರ ಅದರಿಂದ ಕಾಲ್, ಮೆಸೇಜ್ ಹೋಗುತ್ತದೆ. ಹಾಗಾಗಿ ಮನೆಯವರ ನಂಬರ್ ಬದಲಾದರೆ ಕಂಪನಿಗೆ ತಿಳಿಸಲೇಬೇಕು. ಮಿಸ್ಡ್ ಕಾಲ್ ಸ್ಟಾರ್ಟರಿಗೆ ಮಾಮೂಲಿ ಸಿಮ್ ಹಾಕಿದ್ದರೆ ಡೇಟಾ ಪ್ಯಾಕಿಗೆ ಸುಮ್ನೆ ದುಡ್ಡು ಹಾಕಬೇಡಿ. ಬರೀ ಕಾಲ್ ಮತ್ತು ಮೆಸೇಜಿನ ಪ್ಯಾಕ್ ಕೊಡಬೇಕೆಂದು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅದರ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಆಂಟೆನಾ

ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಆಂಟೆನಾವನ್ನು ಕಬ್ಬಿಣದ ಡಬ್ಬದೊಳಗೇ ಬಿಟ್ಟು ಬಾಗಿಲು ಹಾಕುತ್ತಾರೆ. ಕಬ್ಬಿಣ ದಾಟಿ ಸಿಗ್ನಲ್ ಬರುವುದಿಲ್ಲ. ಹೊರಗೆ ತನ್ನಿ. ಮರಕ್ಕೆ ಕಟ್ಟಬೇಡಿ, ಮಳೆಗಾಲದಲ್ಲಿ ಒದ್ದೆ ಸೋಗೆ ಸಿಗ್ನಲ್ಲನ್ನು ನುಂಗುತ್ತದೆ. ಪೈಪು ನೆಟ್ಟು ಟವರ್ ಕಡೆ ಬಯಲಾಗಿರುವ ಜಾಗಕ್ಕೆ ಏರಿಸಿ.

ಆದರೆ ತಂತಿ ಉದ್ದವಾದಷ್ಟೂ ನಷ್ಟ. ಅಂಗಡಿಯಲ್ಲಿ ಸಿಗುವ ತೆಳು ಕೇಬಲ್ ಮೀಟರಿಗೆ ಅರ್ಧ ಡೆಸಿಬೆಲ್‌ನಷ್ಟು ತಿನ್ನುತ್ತದೆ. ಆರು ಮೀಟರ್ ಆದರೆ ಬಂದ ಸಿಗ್ನಲ್ಲಿನ ಅರ್ಧ ಹೋಯಿತು. ಡಬ್ಬದ ಹತ್ತಿರವೇ ಐದು ಮೀಟರಿನೊಳಗೆ ಮುಗಿಸಿ.

ಅಳೆದು ನೋಡಿಯೇ ಜಾಗ ಆರಿಸಿ. ಅದೇ ಕಂಪನಿಯ ಸಿಮ್ ಇರುವ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. 4ಜಿಗೆ ಮೈನಸ್ 95ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 110 ದಾಟಿದರೆ ಮಳೆಗಾಲದಲ್ಲಿ ಕೈಕೊಡುತ್ತದೆ. ಕೆಲವು ಸ್ಟಾರ್ಟರ್‌ಗಳು ಸ್ಟೇಟಸ್ ಕೇಳಿದರೆ ಸಿಗ್ನಲ್ಲನ್ನು 0ಯಿಂದ 31ರ ನಡುವಿನ ಅಂಕಿಯಲ್ಲಿ ಹೇಳುತ್ತವೆ. 10ಕ್ಕಿಂತ ಕೆಳಗಿದ್ದರೆ ಆಂಟೆನಾ ಏರಿಸಿ. 99 ಬಂದರೆ ಮಾಡ್ಯೂಲಿಗೆ ಸಿಗ್ನಲ್ ಎಷ್ಟೆಂದು ತಿಳಿದೇ ಇಲ್ಲ ಎಂದರ್ಥ, ಜಾಯಿಂಟ್ ನೋಡಿ.

ಯಂತ್ರಗಳ ಮಾತು ಫೈಬರಿನಲ್ಲಿ ಹೋಗಲಿ

2021ರಲ್ಲಿ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂತು. ಆಗ ನನಗೆ ಹೊಳೆದದ್ದು, ಪ್ರತಿ ಯಂತ್ರವೂ ಯಾಕೆ ಟವರಿನ ಹತ್ತಿರ ಮಾತಾಡಬೇಕು? ಮನೆಯ ಹತ್ತಿರ ಮಾತಾಡಲಿ, ಮನೆ ಹೊರಗೆ ಹೇಳಲಿ.

ನಮ್ಮಲ್ಲಿ ಹಳ್ಳದ ಪಂಪು, ಗುಡ್ಡದ ಮೇಲಿನ ಟ್ಯಾಂಕಿನ ನೀರಿನ ಮಟ್ಟ, ತೋಟದ ನಾಲ್ಕು ತೇವದ ಸೆನ್ಸರ್, ಒಟ್ಟು ಆರು ಯಂತ್ರ. ದೂರ ಹೆಚ್ಚೆಂದರೆ 400 ಮೀಟರ್. ಎಲ್ಲಕ್ಕೂ ಲೋರಾ ಎಂಬ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ಸಣ್ಣ ರೇಡಿಯೋ ಹಾಕಿದೆ. 865ರಿಂದ 867 ಮೆಗಾಹರ್ಟ್ಸ್ ನಡುವೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಸರ್ಕಾರದ ಒಪ್ಪಿಗೆ ಪಡೆದ ಮಾಡ್ಯೂಲ್ ಆಗಿರಬೇಕು, ಅಷ್ಟೇ. ಆನ್‌ಲೈನಿನಲ್ಲಿ 915 ಮೆಗಾಹರ್ಟ್ಸಿನದು ಅಗ್ಗಕ್ಕೆ ಸಿಗುತ್ತದೆ, ಅದನ್ನು ತರಬೇಡಿ. ಮನೆಯ ಅಟ್ಟದಲ್ಲಿ, ಈ ರೇಡಿಯೋಗಳ ಮಾತನ್ನು ಇಂಟರ್ನೆಟ್ಟಿಗೆ ದಾಟಿಸುವ ಗೇಟ್‌ವೇ ಇಟ್ಟು, ಅದರಿಂದ ಒಂದು ತಂತಿಯನ್ನು ಫೈಬರ್ ರೂಟರಿಗೆ ಎಳೆದೆ. ಗೇಟ್‌ವೇಯಲ್ಲಿ ಒಂದು 4ಜಿ ಸಿಮ್ಮೂ ಇದೆ. ಫೈಬರ್ ತುಂಡಾದರೆ ಅದು ಕೈಗೆ ಬರುತ್ತದೆ. ನಮ್ಮ ಕಡೆ ಜುಲೈ ತಿಂಗಳ ಗಾಳಿಗೆ ಮರ ಬಿದ್ದು ಫೈಬರ್ ತುಂಡಾಗುವುದು ಮಾಮೂಲಿ.

ಫೈಬರಿನಿಂದ ಸಿಮ್ಮಿಗೆ ಬದಲಾಗುವುದನ್ನು ಹೀಗೆ ಹೊಂದಿಸಿ. 30 ಸೆಕೆಂಡಿಗೊಮ್ಮೆ ಹೊರಗಿನ ಸರ್ವರ್ ಮುಟ್ಟುತ್ತದೆಯೇ ಎಂದು ಗೇಟ್‌ವೇ ನೋಡಲಿ. ಸತತ ಮೂರು ಸಲ ಮುಟ್ಟದಿದ್ದರೆ ಸಿಮ್ಮಿಗೆ ಹೋಗಲಿ. ವಾಪಸ್ ಬರುವಾಗ ಮಾತ್ರ ಅವಸರ ಬೇಡ. ಹತ್ತು ನಿಮಿಷ ಫೈಬರ್ ಕಡಿಯದೆ ನಡೆದಿದೆ ಎಂದು ಖಾತ್ರಿಯಾದ ಮೇಲೆ ಬರಲಿ. ಮೊದಲ ಮಳೆಗಾಲದಲ್ಲಿ ನಾನು ಇದನ್ನು ಇಟ್ಟಿರಲಿಲ್ಲ. ಫೈಬರ್ ಜಾಯಿಂಟಿಗೆ ನೀರು ಹೊಕ್ಕು ಲೈನ್ ಬರುತ್ತಾ ಹೋಗುತ್ತಾ ಇತ್ತು. ಗೇಟ್‌ವೇ ಇಡೀ ರಾತ್ರಿ ಆಚೆ ಈಚೆ ಓಡಾಡಿ ಒಂದು ಮೆಸೇಜೂ ಸರಿಯಾಗಿ ಹೋಗಲಿಲ್ಲ. ಸಿಮ್ಮಿನಲ್ಲಿದ್ದಾಗ ತೇವದ ಲೆಕ್ಕ ಕಳಿಸುವುದನ್ನು ನಿಲ್ಲಿಸಿ. ಪಂಪು ಮತ್ತು ಟ್ಯಾಂಕಿನ ಸುದ್ದಿ ಮಾತ್ರ ಹೋಗಲಿ.

ಇದೊಂದನ್ನು ದಯವಿಟ್ಟು ಮರೆಯಬೇಡಿ. ಫೈಬರೂ ಇಲ್ಲ, ಸಿಮ್ಮೂ ಇಲ್ಲ ಎಂದಾಗ ಪಂಪು ಏನು ಮಾಡಬೇಕು ಎಂಬುದು ಪಂಪಿನ ಡಬ್ಬದಲ್ಲೇ ಬರೆದಿರಬೇಕು. ನೀರಿಲ್ಲದಿದ್ದರೆ ತಾನೇ ನಿಲ್ಲಬೇಕು. ಹೇಳಿದ ಹೊತ್ತು ಮುಗಿದರೆ ತಾನೇ ನಿಲ್ಲಬೇಕು. ಮೋಟರಿನ ಜೀವ ಮೊಬೈಲ್ ಜಾಲದ ಕೈಯಲ್ಲಿ ಇರಬಾರದು. ನೆಂಟರ ಮನೆಯಲ್ಲಿ "ನಿಲ್ಲು" ಎಂಬ ಮಾತು ತಲುಪದೆ ಪಂಪು ರಾತ್ರಿಯಿಡೀ ಒಣಗಿ ಓಡಿ ಮೋಟರ್ ಸುಟ್ಟಿದ್ದನ್ನು ನೋಡಿದ್ದೇನೆ. ಆ ಬೇಸಿಗೆ ಅವರ ಎಳೆ ಸಸಿಗಳೆಲ್ಲ ಬಾಡಿದವು.

ಮನುಷ್ಯರ ಮಾತೂ ಫೈಬರಿನಲ್ಲಿ

ನಮ್ಮದು ಮಣ್ಣಿನ ದಪ್ಪ ಗೋಡೆಯ ಮನೆ. ಒಳಗೆ ಸಿಗ್ನಲ್ ಇಲ್ಲ. ವೈಫೈ ಕಾಲಿಂಗ್ ಇದಕ್ಕೆ ಮದ್ದು. ಭಾರತಕ್ಕೆ ಇದು ಬಂದದ್ದು 2019ರ ಕೊನೆಗೆ. ಫೋನ್ ನಿಮ್ಮ ವೈಫೈ ಮೂಲಕ ಮೊಬೈಲ್ ಕಂಪನಿಯ ಒಂದು ಬಾಗಿಲಿನವರೆಗೆ ಬೀಗ ಹಾಕಿದ ಸುರಂಗ ತೋಡುತ್ತದೆ. ಆ ಬಾಗಿಲಿನ ಹೆಸರು ಇಪಿಡಿಜಿ. ಮಾತು ಆ ಸುರಂಗದಲ್ಲಿ ಹೋಗುತ್ತದೆ. ಫೈಬರ್ ಒಂದು ಕಂಪನಿಯದು, ಸಿಮ್ ಇನ್ನೊಂದು ಕಂಪನಿಯದು ಆದರೂ ನಡೆಯುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ವೋಲ್ಟಿ ಮತ್ತು ವೈಫೈ ಕಾಲಿಂಗ್ ಎರಡನ್ನೂ ಆನ್ ಮಾಡಿ.

ಆನ್ ಮಾಡಿಯೂ ಆಗದಿದ್ದರೆ ರೂಟರ್ ನೋಡಿ. ಆ ಸುರಂಗ ಹಾದು ಹೋಗುವ ದಾರಿಗಳು ಯುಡಿಪಿ 500 ಮತ್ತು 4500, ಈ ಎರಡು ಪೋರ್ಟ್ ಹೊರಗೆ ಹೋಗಲು ಬಿಡಬೇಕು. ಬೀಗ ಹಾಕಿದ ಮಾತನ್ನು ಹಾಗೇ ದಾಟಲು ಬಿಡುವ ಐಪಿಸೆಕ್ ಪಾಸ್‌ಥ್ರೂ ಆನ್ ಇರಬೇಕು. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ನಡೆಯುವ ಪಿಪಿಪಿಒಇ ಲೈನ್ ಆದರೆ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ, 1492 ಇರಲಿ, 1500 ಬೇಡ. ನಾವು ಕಾಲ್ ಮಾಡಿದರೆ ಹೋಗುತ್ತದೆ, ಬೇರೆಯವರು ಮಾಡಿದ್ದು ಬರುವುದಿಲ್ಲ ಎಂದಾದರೆ ರೂಟರ್ ಆ ಸುರಂಗವನ್ನು ಬೇಗ ಮರೆಯುತ್ತಿದೆ ಎಂದು ಅನುಮಾನಿಸಿ. ಯುಡಿಪಿ ಟೈಮ್‌ಔಟ್ ಎಂಬ ಸೆಟ್ಟಿಂಗ್ ಇದ್ದರೆ 120 ಸೆಕೆಂಡಿಗೆ ಏರಿಸಿ.

ಮಾತು ತುಂಡು ತುಂಡಾಗುವುದಕ್ಕೆ ಕಾರಣ ಮನೆಯೊಳಗೇ ಇರುತ್ತದೆ. ನಮ್ಮಲ್ಲಿ ಅದು ಕೊಟ್ಟಿಗೆಯ ಕ್ಯಾಮೆರಾ. ಅದು ವಿಡಿಯೋ ಮೇಲಕ್ಕೆ ಕಳಿಸುವಾಗ ಅಪ್‌ಲೋಡ್ ದಾರಿ ತುಂಬಿಹೋಗುತ್ತಿತ್ತು. ಒಂದು ಕಾಲಿಗೆ 100 ಕೆಬಿಪಿಎಸ್ ಕೂಡ ಬೇಡ, ಆದರೆ ಅದು ತಡವಾಗದೆ ಹೋಗಬೇಕು. ಮೊಬೈಲ್ ಜಾಲ ಮತ್ತು ಬ್ರಾಡ್‌ಬ್ಯಾಂಡ್ ಜಾಲ ಪರಸ್ಪರ ಮಾತಾಡಿಕೊಂಡು "ಇದು ಕಾಲ್, ಇದಕ್ಕೆ ಮೊದಲು ದಾರಿ ಬಿಡು" ಎಂದು ಹೇಳಿಕೊಳ್ಳುವ ವಿಧಾನವನ್ನು ತ್ರೀಜಿಪಿಪಿ ಮತ್ತು ಬ್ರಾಡ್‌ಬ್ಯಾಂಡ್ ಫೋರಮ್ ಸೇರಿ ಹತ್ತು ವರ್ಷಕ್ಕೂ ಹಿಂದೆಯೇ ಬರೆದಿವೆ. ಎರಡು ಬೇರೆ ಕಂಪನಿಗಳು ಒಪ್ಪಂದ ಮಾಡಿಕೊಂಡರೆ ಮಾತ್ರ ಅದು ನಡೆಯುತ್ತದೆ. ಹಳ್ಳಿ ಮನೆಯವರು ಅದಕ್ಕಾಗಿ ಕಾಯುತ್ತಾ ಕೂರಲು ಆಗುವುದಿಲ್ಲ. ನಮ್ಮ ರೂಟರಿನಲ್ಲಿ ನಾವೇ ಮಾಡಿಕೊಳ್ಳಬಹುದು. ಯಾವುದು ಮೊದಲು ಹೋಗಬೇಕು ಎಂದು ಹೇಳುವ ಕ್ಯೂಒಎಸ್ ಪುಟ ತೆರೆಯಿರಿ. ನಿಮ್ಮ ಅಪ್‌ಲೋಡ್ ವೇಗವನ್ನು ಅಳೆದು ಅದರ 90 ಶೇಕಡಾ ಅಂಕಿ ಹಾಕಿ. ಕಾಲ್ ಹೋಗುವ ಯುಡಿಪಿ 4500ಕ್ಕೆ ಮೊದಲ ಸ್ಥಾನ, ಲೋರಾ ಗೇಟ್‌ವೇಗೆ ಎರಡನೆಯದು, ಕ್ಯಾಮೆರಾಗೆ ಕೊನೆಯದು.

ಒಂದು ಮಿತಿಯೂ ಇದೆ. ಮಾತಾಡುತ್ತಾ ಅಂಗಳ ದಾಟಿದರೆ ಕಾಲ್ ವೈಫೈನಿಂದ 4ಜಿಗೆ ಜಿಗಿಯುತ್ತದೆ. ಅಲ್ಲಿ ಬರೀ 2ಜಿ ಇದ್ದರೆ ಕಟ್ ಆಗುತ್ತದೆ. ಅಪ್ಪಯ್ಯ ಈಗ ಮಾತು ಮುಗಿಸಿಯೇ ಜಗಲಿ ಇಳಿಯುತ್ತಾರೆ.

ಕರೆಂಟ್ ಹೋದಾಗ

ಕಂಪನಿಯ ಕಡೆಯಿಂದ ನಿಮ್ಮ ಮನೆವರೆಗಿನ ಫೈಬರ್ ದಾರಿಯಲ್ಲಿ ಎಲ್ಲೂ ಕರೆಂಟ್ ಬೇಕಿಲ್ಲ. ಆ ತುದಿಯಲ್ಲಿ ಅವರ ಬ್ಯಾಟರಿ ಇದ್ದು, ಈ ತುದಿಯಲ್ಲಿ ನಿಮ್ಮದಿದ್ದರೆ ಊರೆಲ್ಲ ಕತ್ತಲಾದರೂ ಲೈನ್ ನಡೆಯುತ್ತದೆ. ಫೈಬರ್ ಡಬ್ಬ, ರೂಟರ್, ಗೇಟ್‌ವೇ ಸೇರಿ ನಮ್ಮಲ್ಲಿ 15 ವ್ಯಾಟ್ ಎಳೆಯುತ್ತವೆ. 12 ವೋಲ್ಟ್ 7 ಎಎಚ್ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಆಗುಂಬೆ ಮಳೆಗೆ ಅದು ಸಾಲದೆ ಈಗ ಎರಡು ಇಟ್ಟಿದ್ದೇನೆ.

ಲೈನ್ ಹೋದಾಗ ಫೈಬರ್ ಡಬ್ಬದ ಮೇಲಿನ ಲಾಸ್ (LOS) ಎಂಬ ಕೆಂಪು ದೀಪ ನೋಡಿ. ಅದು ಹೊತ್ತಿದ್ದರೆ ಫೈಬರ್ ತುಂಡಾಗಿದೆ, ರೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಡಬ್ಬದ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಫೈಬರಿನಲ್ಲಿ ಬರುವ ಬೆಳಕಿನ ಬಲ, ಅಂತ ಕಾಣುತ್ತದೆ. ಮೈನಸ್ 20ರ ಹತ್ತಿರ ಇದ್ದರೆ ಚೆನ್ನಾಗಿದೆ. ಮೈನಸ್ 27ಕ್ಕೆ ಇಳಿದಿದ್ದರೆ ಜಾಯಿಂಟ್ ಕೆಡುತ್ತಿದೆ. ಮೇ ತಿಂಗಳಲ್ಲೇ ನೋಡಿ ಲೈನ್‌ಮನ್‌ಗೆ ಹೇಳಿ. ಜೂನ್ ಬಂದರೆ ಅವರಿಗೂ ಕಂಬ ಹತ್ತಲು ಆಗುವುದಿಲ್ಲ.

ಈಗ ಬೆಳಿಗ್ಗೆ ಆರಕ್ಕೆ ಕರೆಂಟ್ ಬಂದರೆ ಕಣಿವೆಯಲ್ಲಿ ಪಂಪುಗಳು ಒಂದಾದ ಮೇಲೆ ಒಂದು ಗುಂಯ್ ಎನ್ನುವುದು ಜಗಲಿಗೆ ಕೇಳಿಸುತ್ತದೆ. ಹೊಸದಾಗಿ ಪಂಪು ಕೂರಿಸಿದವರು ಡೈರಿಗೆ ಹಾಲು ಹಾಕಲು ಬಂದಾಗ ಪಟ್ಟಿಯಲ್ಲಿ ಮುಂದಿನ ನಂಬರ್ ಬರೆದು ಹೋಗುತ್ತಾರೆ. ಮೊನ್ನೆ ನೋಡಿದಾಗ 37ಕ್ಕೆ ಬಂದಿತ್ತು.